ಗಿಡ ಸೊರಗಿದರೆ ಬೇರು ಕಿತ್ತು ನೋಡಿ

ಈ ಮೇಜಿನ ಮೇಲೆ ಎರಡು ಟೊಮೆಟೊ ಗಿಡ ಇವೆ. ಒಂದೇ ಸಸಿಮಡಿಯಿಂದ ಬಂದವು, ಒಂದೇ ದಿನ ನೆಟ್ಟವು. ನೀರು, ಗೊಬ್ಬರ ಎಲ್ಲ ಒಂದೇ. ಆದರೂ ಒಂದು ಸೊಂಟದವರೆಗೆ ಬೆಳೆದಿದೆ, ಇನ್ನೊಂದು ಮೊಣಕಾಲಿಗೂ ಬಂದಿಲ್ಲ. ಎಲೆ ಹಳದಿ. ಬೆಳಿಗ್ಗೆ ಚೆನ್ನಾಗೇ ಇರುತ್ತಿತ್ತು, ಬಿಸಿಲೇರಿದ ಹಾಗೆ ಜೋತು ಬೀಳುತ್ತಿತ್ತು, ಸಂಜೆ ಮತ್ತೆ ಎದ್ದು ನಿಲ್ಲುತ್ತಿತ್ತು. ಇಂಥ ಗಿಡ ಕಂಡಾಗ ನಾವೆಲ್ಲ ಏನು ಮಾಡುತ್ತೇವೆ? ನೀರು ಜಾಸ್ತಿ ಬಿಡುತ್ತೇವೆ. ಆಮೇಲೆ ಒಂದು ಹಿಡಿ ಯೂರಿಯಾ. ಅದಕ್ಕೂ ಬಗ್ಗದಿದ್ದರೆ ಎಲೆಗೆ ಏನಾದರೂ ಸಿಂಪಡಿಸುತ್ತೇವೆ. ನಾನೂ ಎಷ್ಟೋ ವರ್ಷ ಅದನ್ನೇ ಮಾಡಿದವನು. ಬೇರು ಕಿತ್ತು ನೋಡಬೇಕು ಅಂತ ಮಾತ್ರ ಹೊಳೆದಿರಲಿಲ್ಲ.

ಈಗ ಮಣ್ಣು ತೊಳೆದ ಬೇರು ನೋಡಿ. ಚೆನ್ನಾಗಿರುವ ಗಿಡದ ಬೇರು ಸಣ್ಣ ಎಳೆಗಳಾಗಿ, ಬೆಳ್ಳಗೆ, ಉದ್ದಕ್ಕೆ ಇಳಿದಿದೆ. ಸೊರಗಿದ ಗಿಡದ ಬೇರಿನ ತುಂಬ ಗಂಟು. ಕೆಲವು ಸಾಸಿವೆಯಷ್ಟು, ಕೆಲವು ಗೋಲಿಯಷ್ಟು. ಅಲ್ಲಲ್ಲಿ ಗಂಟಿಗೆ ಗಂಟು ಕೂಡಿ, ಬೇರು ಯಾವುದು ಗಂಟು ಯಾವುದು ಅಂತ ತಿಳಿಯುವುದಿಲ್ಲ. ಬೇರುಗಂಟು ರೋಗ ಅಂದರೆ ಇದೇ. ಇದನ್ನು ಮಾಡಿದ್ದು ನೆಮಟೋಡ್, ಅಂದರೆ ಜಂತುಹುಳು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವರೆ, ಅಲಸಂದೆ, ಶೇಂಗಾದ ಬೇರಿನಲ್ಲೂ ಗಂಟು ಇರುತ್ತದೆ. ಅದು ಗಾಳಿಯ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾದ ಮನೆ. ಅದನ್ನು ನೋಡಿ ಹೆದರಿ ಒಳ್ಳೆಯ ಬೆಳೆ ಕಿತ್ತು ಹಾಕಿದವರನ್ನು ನಾನು ಕಂಡಿದ್ದೇನೆ. ಗುರುತಿಸುವುದು ಸುಲಭ. ಆ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿನಿಂದ ಮೀಟಿದರೆ ಉದುರುತ್ತದೆ, ಒಡೆದರೆ ಒಳಗೆ ತಿಳಿಗೆಂಪು. ಜಂತುಹುಳುವಿನ ಗಂಟು ಉದುರುವುದಿಲ್ಲ, ಯಾಕೆಂದರೆ ಅಲ್ಲಿ ಬೇರೇ ಊದಿಕೊಂಡಿರುತ್ತದೆ.

ಬೇರಿಗೆ ನುಗ್ಗುವ ಮರಿಹುಳುವಿನ ಉದ್ದ ಸುಮಾರು 0.4 ಮಿಲಿಮೀಟರ್. ದಪ್ಪ ಎಷ್ಟು ಕಡಿಮೆ ಅಂದರೆ ಬರಿಗಣ್ಣಿಗೆ ಕಾಣುವುದೇ ಇಲ್ಲ. ಬಾಯಲ್ಲಿ ಒಂದು ಟೊಳ್ಳು ಸೂಜಿ ಇರುತ್ತದೆ. ಅದರಿಂದ ಚುಚ್ಚಿ ಚುಚ್ಚಿ ಬೇರಿನ ತುದಿಯ ಹತ್ತಿರ ಒಳಗೆ ಹೋಗುತ್ತದೆ. ನೀರು ಸಾಗುವ ನಾಳದ ಪಕ್ಕ ಒಂದು ಜಾಗ ಹಿಡಿದು ಕೂರುತ್ತದೆ. ಹೆಣ್ಣು ಹುಳ ಆಮೇಲೆ ಸಾಯುವವರೆಗೂ ಅಲ್ಲಿಂದ ಕದಲುವುದಿಲ್ಲ. ಅದು ಉಗುಳಿದ ರಸಕ್ಕೆ ಸುತ್ತಲಿನ 5ರಿಂದ 7 ಜೀವಕೋಶಗಳು ದೈತ್ಯವಾಗಿ ಊದುತ್ತವೆ. ಗಿಡ ತನ್ನ ಚಿಗುರಿಗೆ, ಕಾಯಿಗೆ ಕಳಿಸಬೇಕಾದದ್ದನ್ನು ಈ ಕೋಶಗಳಿಗೆ ಸುರಿಯುತ್ತದೆ. ಹುಳ ಕೂತಲ್ಲೇ ಹೀರುತ್ತದೆ.

ಹೀರಿ ಹೀರಿ ಅದು ಗುಂಡಗಾಗುತ್ತದೆ. ಒಂದೊಂದು ಹೆಣ್ಣು ಅಂಟುಅಂಟಾದ ಲೋಳೆಯಲ್ಲಿ ಸುತ್ತಿ 300ರಿಂದ 500 ಮೊಟ್ಟೆ ಇಡುತ್ತದೆ. ಮಣ್ಣು ಬೆಚ್ಚಗಿದ್ದರೆ ಮೊಟ್ಟೆಯಿಂದ ಮೊಟ್ಟೆಗೆ 25ರಿಂದ 30 ದಿನ ಸಾಕು. ನಾಲ್ಕು ತಿಂಗಳ ಬೆಳೆಯಲ್ಲಿ ಮೂರು ನಾಲ್ಕು ತಲೆಮಾರು ಮುಗಿಯುತ್ತದೆ. ಬಹುತೇಕ ಬೇರುಗಂಟು ಹುಳಗಳಿಗೆ ಗಂಡಿನ ಹಂಗೂ ಇಲ್ಲ, ಹೆಣ್ಣೊಂದೇ ಸಂತಾನ ಮಾಡುತ್ತದೆ. ಬೇರಿನಲ್ಲಿ ನೂಕುನುಗ್ಗಲಾಗಿ ಊಟ ಕಡಿಮೆಯಾದರೆ ಮರಿಗಳಲ್ಲಿ ಹೆಚ್ಚಿನವು ಗಂಡಾಗಿ ಬೆಳೆದು ಬೇರು ಬಿಟ್ಟು ಹೋಗಿಬಿಡುತ್ತವೆ. ಗಂಡಿಗೆ ಊಟವೂ ಬೇಡ, ಮೊಟ್ಟೆಯ ಜವಾಬ್ದಾರಿಯೂ ಇಲ್ಲ. ಜಾಣ ಹುಳ.

ನೆಮಟೋಡ್ ಒಂದು ಗಿಡದೊಳಗೆ ಇರುತ್ತದೆ ಅಂತ ಮೊದಲು ಗೊತ್ತಾದ ಕತೆ ನನಗೆ ಬಹಳ ಇಷ್ಟ. 1743ರಲ್ಲಿ ಇಂಗ್ಲೆಂಡಿನ ನೀಡ್ಹ್ಯಾಮ್ ಎಂಬ ಪಾದ್ರಿ ಕಪ್ಪಾಗಿ ಕೆಟ್ಟ ಗೋಧಿ ಕಾಳು ಒಡೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಒಳಗೆ ಒಣ ನಾರಿನಂಥದ್ದು ಕಂಡಿತು. ಬಿಡಿಸಿ ನೋಡೋಣ ಅಂತ ಒಂದು ಹನಿ ನೀರು ಹಾಕಿದರು. ನಾರು ಹರಿದಾಡತೊಡಗಿತು. ಒಣಗಿ ಸತ್ತ ಹಾಗಿದ್ದದ್ದು ನೀರು ಬಿದ್ದಾಗ ಎದ್ದು ಕೂತಿತ್ತು. ಬೇರುಗಂಟಿನ ಕಾರಣ ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. 1855ರಲ್ಲಿ ಬರ್ಕ್ಲಿ ಎಂಬ ಇನ್ನೊಬ್ಬ ಪಾದ್ರಿ ಗಾಜಿನ ಮನೆಯ ಸೌತೆ ಬೇರಿನ ಗಂಟಿನಲ್ಲಿ ಇವನ್ನು ಕಂಡರು. ಆ ಕಾಲದ ಪಾದ್ರಿಗಳಿಗೆ ಬಿಡುವು ಜಾಸ್ತಿ ಇತ್ತು ಅಂತ ಕಾಣುತ್ತದೆ.

ಎಲ್ಲ ಜಂತುಹುಳುವೂ ಗಂಟು ಮಾಡುವುದಿಲ್ಲ. ಬಾಳೆ, ಕಾಳುಮೆಣಸಿನ ಬೇರನ್ನು ಕೊರೆಯುತ್ತ ಓಡಾಡುವ ಜಾತಿ ಇದೆ. ಅದು ಹೋದ ದಾರಿಯೆಲ್ಲ ಕಂದು ಬಣ್ಣಕ್ಕೆ ತಿರುಗಿ ಕೊಳೆಯುತ್ತದೆ, ಗೊನೆ ಹೊತ್ತ ಬಾಳೆ ಬೇರು ಹಿಡಿತ ತಪ್ಪಿ ಮಗುಚಿಕೊಳ್ಳುತ್ತದೆ. ಆಲೂಗಡ್ಡೆಗೆ ಬರುವ ಜಾತಿಯಲ್ಲಿ ಸತ್ತ ಹೆಣ್ಣಿನ ಮೈಯೇ ಗಟ್ಟಿ ಚೀಲವಾಗುತ್ತದೆ. ಅದರೊಳಗಿನ ಮೊಟ್ಟೆ 20 ವರ್ಷ ಕಾದು ಕೂತಿರಬಲ್ಲದು. ಆಲೂ ಬೇರಿನ ರಸದ ಸುಳಿವು ಸಿಕ್ಕಾಗ ಎದ್ದು ಬರುತ್ತದೆ. ಇನ್ನೊಂದು ಕಷ್ಟವೂ ಇದೆ. ಹುಳ ಕೊರೆದ ಗಾಯ ಬೇರೆ ರೋಗಗಳಿಗೆ ತೆರೆದ ಬಾಗಿಲು. ಸೊರಗು ರೋಗದ ಶಿಲೀಂಧ್ರ, ಬ್ಯಾಕ್ಟೀರಿಯಾ ಎರಡೂ ಅಲ್ಲಿಂದಲೇ ನುಗ್ಗುತ್ತವೆ. ಎಷ್ಟೋ ಸಲ ನಾವು ಸೊರಗು ರೋಗಕ್ಕೆ ಔಷಧಿ ಹಾಕುತ್ತಿರುತ್ತೇವೆ, ಬಾಗಿಲು ತೆರೆದವನು ಮಾತ್ರ ಆರಾಮಾಗಿ ಇರುತ್ತಾನೆ.

ಹಾಗಂತ ನೆಮಟೋಡ್ ಎಂಬ ಹೆಸರು ಕೇಳಿದೊಡನೆ ಕೊಲ್ಲಲು ಹೊರಡಬೇಡಿ. ಮಣ್ಣಿನಲ್ಲಿರುವ ನೆಮಟೋಡ್‌ಗಳಲ್ಲಿ ಬಹಳಷ್ಟು ಗಿಡದ ತಂಟೆಗೇ ಬರುವುದಿಲ್ಲ. ಕೆಲವು ಬ್ಯಾಕ್ಟೀರಿಯಾ ತಿಂದು, ಅದರಲ್ಲಿದ್ದ ಸಾರಜನಕವನ್ನು ಬೇರಿಗೆ ಸಿಗುವ ಹಾಗೆ ಬಿಡುತ್ತವೆ. ಕೆಲವು ಬೇರೆ ನೆಮಟೋಡ್‌ಗಳನ್ನೇ ತಿನ್ನುತ್ತವೆ. ಇನ್ನು ಕೆಲವು ಮಣ್ಣಿನ ಕೀಟಗಳ ಮೈಯೊಳಗೆ ಹೊಕ್ಕು ಕೊಲ್ಲುತ್ತವೆ, ಇವನ್ನು ಪೊಟ್ಟಣದಲ್ಲಿ ಮಾರುವುದೂ ಉಂಟು. ಒಬ್ಬರು ಈ ಕೀಟ ಕೊಲ್ಲುವ ನೆಮಟೋಡ್ ತಂದು ಬೇರುಗಂಟಿಗೆ ಹಾಕಿ, ಏನೂ ಆಗಲಿಲ್ಲ ಅಂತ ನನ್ನ ಹತ್ತಿರ ಬೇಸರ ಮಾಡಿಕೊಂಡರು. ಅವು ಗೊಣ್ಣೆಹುಳು ತಿನ್ನುವ ಹುಳಗಳು ಸ್ವಾಮಿ, ಬೇರುಗಂಟಿಗೆ ಬೇರೆಯದೇ ಬೇಕು ಅಂತ ಹೇಳಬೇಕಾಯಿತು.

ಈಗ ವಿಷದ ಕತೆ ಚಿಕ್ಕದಾಗಿ ಹೇಳುತ್ತೇನೆ. ಡಿಬಿಸಿಪಿ ಎಂಬ ರಾಸಾಯನಿಕ ಒಂದು ಕಾಲಕ್ಕೆ ಜಂತುಹುಳುಗಳಿಗೆ ರಾಮಬಾಣ ಅನ್ನಿಸಿಕೊಂಡಿತ್ತು. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಿದ್ದ ಗಂಡಸರಿಗೆ ಮಕ್ಕಳಾಗುತ್ತಿಲ್ಲ ಅನ್ನುವುದು ಬೆಳಕಿಗೆ ಬಂತು. ಮೀಥೈಲ್ ಬ್ರೋಮೈಡ್ ಎಂಬ ಅನಿಲ ಮಣ್ಣಿನಲ್ಲಿರುವುದನ್ನೆಲ್ಲ ಕೊಲ್ಲುತ್ತಿತ್ತು, ಆದರೆ ಮೇಲೆ ಹೋಗಿ ಓಝೋನ್ ಪದರವನ್ನೂ ತಿನ್ನುತ್ತಿತ್ತು. ಮಾಂಟ್ರಿಯಲ್ ಒಪ್ಪಂದದಂತೆ ಮುಂದುವರಿದ ದೇಶಗಳು 2005ಕ್ಕೆ, ಉಳಿದವು 2015ಕ್ಕೆ ಅದನ್ನು ನಿಲ್ಲಿಸಬೇಕಾಯಿತು. ಕ್ವಾರಂಟೈನಿನಂಥ ಕೆಲವು ಕೆಲಸಗಳಿಗೆ ಮಾತ್ರ ವಿನಾಯಿತಿ ಉಳಿಯಿತು.

ಆದರೆ ವಿಷದ ನಿಜವಾದ ತೊಂದರೆ ಬೇರೆಯೇ ಇದೆ ಅಂತ ನನಗೆ ಅರ್ಥವಾದದ್ದು ಇಂಗ್ಲೆಂಡಿನ ರೊಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಒಂದು ಕೆಲಸದಿಂದ. ಇವತ್ತಿನ ಮಾತಿನಲ್ಲಿ ಇದೊಂದನ್ನು ಮರೆಯಬೇಡಿ. ಅಲ್ಲಿನ ಹೊಲಗಳಲ್ಲಿ ವರ್ಷ ವರ್ಷವೂ ಗೋಧಿ, ಬಾರ್ಲಿಯಂಥ ಧಾನ್ಯವನ್ನೇ ಬೆಳೆಯುತ್ತಿದ್ದರು. ಆ ಬೆಳೆಗೆ ಬರುವ ಜಂತುಹುಳು ಏರುತ್ತಲೇ ಹೋಗಬೇಕಿತ್ತು ಅಲ್ವಾ? ಮೊದಲ ಕೆಲವು ವರ್ಷ ಏರಿತು. ಆಮೇಲೆ ತಾನಾಗಿ ಇಳಿಯಿತು, ಇಳಿದದ್ದು ಮತ್ತೆ ಏರಲಿಲ್ಲ. ಯಾಕೆ? ಮಣ್ಣಿಗೆ ಫಾರ್ಮಲಿನ್ ಎಂಬ ಕ್ರಿಮಿನಾಶಕ ದ್ರಾವಣ ಹಾಕಿ ನೋಡಿದರು. ಹುಳ ಇನ್ನೂ ಕಡಿಮೆಯಾಗಬೇಕಲ್ಲ? ಜಾಸ್ತಿಯಾಯಿತು! ಫಾರ್ಮಲಿನ್ ಕೊಂದದ್ದು ಹುಳುವಿನ ಶತ್ರುವನ್ನು. ಬ್ರಯನ್ ಕೆರ್ರಿ ಮತ್ತು ಜೊತೆಯವರು ಆ ಶತ್ರು ಯಾರು ಅಂತ ಹುಡುಕಿದರು. ಮಣ್ಣಿನಲ್ಲೇ ಇದ್ದ ಎರಡು ಶಿಲೀಂಧ್ರಗಳು ಸಿಕ್ಕವು. ಒಂದು ಹೆಣ್ಣು ಹುಳವನ್ನು ಕೊಲ್ಲುತ್ತಿತ್ತು, ಇನ್ನೊಂದು ಮೊಟ್ಟೆಯನ್ನು ತಿನ್ನುತ್ತಿತ್ತು. ಯಾರೂ ತಂದು ಹಾಕಿದ್ದಲ್ಲ. ಹುಳ ಹೆಚ್ಚಿದ ಹಾಗೆ ಅವಕ್ಕೂ ಊಟ ಹೆಚ್ಚಿ, ಅವೂ ಬೆಳೆದಿದ್ದವು.

ಅಂದರೆ ಮಣ್ಣನ್ನು ಪೂರ್ತಿ ಸುಟ್ಟು ಖಾಲಿ ಮಾಡಿದರೆ ಆ ಖಾಲಿ ಜಾಗಕ್ಕೆ ಮೊದಲು ಓಡಿ ಬರುವುದು ಜಂತುಹುಳುವೇ. ಅದರ ಊಟವನ್ನು ನಾವೇ ಸಾಲಾಗಿ ನೆಟ್ಟಿರುತ್ತೇವೆ. ಶತ್ರುಗಳು ಬೆಳೆಯಲು ವರ್ಷಗಳು ಬೇಕು.

ಇನ್ನೊಂದು ವಿಷಯ, ಸಮಯದ್ದು. ಇವತ್ತು ನಾನು ಹೇಳುವ ಎಲ್ಲ ಉಪಾಯಗಳೂ ನಾಟಿಗೆ ಮುಂಚಿನವು. ಬೇರಿನೊಳಗೆ ಕೂತ ಹುಳವನ್ನು ಗಂಟಿನಿಂದ ಎಬ್ಬಿಸುವ ನೈಸರ್ಗಿಕ ಮದ್ದು ಇಲ್ಲ. ಗಿಡದ ಮೊದಲ ಐದಾರು ವಾರ ಬೇರು ಕಾಪಾಡಿದರೆ, ಆಮೇಲೆ ಸ್ವಲ್ಪ ಹುಳ ಹತ್ತಿದರೂ ದೊಡ್ಡ ಬೇರಿನ ಗಿಡ ತಡೆದುಕೊಳ್ಳುತ್ತದೆ. ಸಸಿಯಲ್ಲೇ ಹತ್ತಿದರೆ ಮುಗಿಯಿತು. ಸಾವಯವ ಪದ್ಧತಿ ಕೆಲಸ ಮಾಡಲ್ಲ ಅನ್ನುವವರಲ್ಲಿ ಬಹಳ ಮಂದಿ ಅದನ್ನು ಗಿಡ ಹಳದಿಯಾದ ಮೇಲೆ ಶುರು ಮಾಡಿದವರು.

ಹಾಗಾದರೆ ನಾಟಿಗೆ ಮುಂಚೆ ಹುಳ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಪ್ರಯೋಗಾಲಯಕ್ಕೆ ಕಳಿಸುವುದಾದರೆ ಹೊಲದ ಹದಿನೈದು ಇಪ್ಪತ್ತು ಕಡೆ, ಬೇರು ಇರುವ ಆಳದಿಂದ, ಅಂದರೆ 15-20 ಸೆಂಟಿಮೀಟರ್ ಕೆಳಗಿನಿಂದ ಮಣ್ಣು ತೆಗೆದು ಬೆರೆಸಿ. ಅರ್ಧ ಕಿಲೋ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೆರಳಲ್ಲಿ ಇಡಿ. ಬಿಸಿಲಲ್ಲಿ ಇಟ್ಟರೆ ಹುಳ ದಾರಿಯಲ್ಲೇ ಸತ್ತು, ವರದಿಯಲ್ಲಿ ಸೊನ್ನೆ ಬರುತ್ತದೆ. ನೀವು ಖುಷಿಯಾಗಿ ನಾಟಿ ಮಾಡುತ್ತೀರಿ. ಖರ್ಚಿಲ್ಲದ ದಾರಿ ಇನ್ನೊಂದಿದೆ. ಅದೇ ಮಣ್ಣನ್ನು ಕುಂಡಕ್ಕೆ ತುಂಬಿ ನಾಲ್ಕು ಸೌತೆ ಬೀಜ ಹಾಕಿ. ಐದಾರು ವಾರ ಕಳೆದು ಕಿತ್ತು ಬೇರು ತೊಳೆದು ನೋಡಿ. ಗಂಟು ಇದ್ದರೆ ಹೊಲದಲ್ಲೂ ಇದೆ. ನಾನು ಈಗಲೂ ವರದಿಗಿಂತ ಈ ಸೌತೆ ಗಿಡವನ್ನೇ ಹೆಚ್ಚು ನಂಬುತ್ತೇನೆ.

ಮೊದಲ ಉಪಾಯ ಬಿಸಿಲು. ಮಣ್ಣನ್ನು ಪುಡಿ ಮಾಡಿ, ಮಟ್ಟ ಮಾಡಿ, ಚೆನ್ನಾಗಿ ನೀರು ಉಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ ಅಂಚನ್ನು ಮಣ್ಣಿನಲ್ಲಿ ಮುಚ್ಚಬೇಕು. ವರ್ಷದ ಅತಿ ಬಿಸಿಯ ಕಾಲದಲ್ಲಿ 4ರಿಂದ 6 ವಾರ ಬಿಡಬೇಕು. ಇಸ್ರೇಲಿನ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಇದನ್ನು ಪ್ರಕಟಿಸಿದರು. ಜನ ಇಲ್ಲಿ ಎರಡು ತಪ್ಪು ಮಾಡುತ್ತಾರೆ. ಕಪ್ಪು ಹಾಳೆ ಹಾಕುತ್ತಾರೆ. ಕಪ್ಪು ತಾನೇ ಬಿಸಿಯಾಗುತ್ತದೆ, ಮಣ್ಣಿಗೆ ಕಡಿಮೆ ಬಿಡುತ್ತದೆ. ಇನ್ನೊಂದು, ಒಣ ಮಣ್ಣಿಗೆ ಹೊದಿಸುತ್ತಾರೆ. ಒಣ ಮಣ್ಣಿನಲ್ಲಿ ಬಿಸಿ ಕೆಳಗೆ ಇಳಿಯುವುದಿಲ್ಲ, ಒಣಗಿ ಮುದುಡಿದ ಹುಳ ಬಿಸಿಯನ್ನೂ ತಡೆಯುತ್ತದೆ. ನೀಡ್ಹ್ಯಾಮರ ಗೋಧಿ ಕಾಳು ನೆನಪಿದೆಯಲ್ಲ? ಎಲ್ಲ ಸರಿಯಾಗಿ ಮಾಡಿದರೂ ಮೇಲಿನ ಒಂದು ಗೇಣಿನವರೆಗೆ ಮಾತ್ರ ಕೆಲಸ. ಆಳದಲ್ಲಿದ್ದದ್ದು ಮತ್ತೆ ಮೇಲೆ ಬರುತ್ತದೆ. ಹಾಗಾಗಿ ಇಡೀ ಹೊಲಕ್ಕಿಂತ ಸಸಿಮಡಿಗೆ ಇದು ಹೇಳಿ ಮಾಡಿಸಿದ್ದು.

ಎರಡನೆಯದು ಹಿಂಡಿ, ಗೊಬ್ಬರ. 1937ರಲ್ಲಿ ಹವಾಯಿಯ ಲಿನ್‌ಫರ್ಡ್ ಅನಾನಸ್ ಗಿಡದ ಸೊಪ್ಪನ್ನು ಕತ್ತರಿಸಿ ಮಣ್ಣಿಗೆ ಸೇರಿಸಿದರೆ ಬೇರುಗಂಟು ಕಡಿಮೆಯಾಗುತ್ತದೆ ಅಂತ ತೋರಿಸಿದರು. ಸೊಪ್ಪು ಕೊಳೆತಾಗ ಬ್ಯಾಕ್ಟೀರಿಯಾ ಹೆಚ್ಚಿತು, ಅದನ್ನು ತಿನ್ನುವ ಒಳ್ಳೆಯ ನೆಮಟೋಡ್ ಹೆಚ್ಚಿತು, ಅವನ್ನು ಹಿಡಿದು ತಿನ್ನುವ ಶಿಲೀಂಧ್ರ ಹೆಚ್ಚಿತು. ಆ ಗಲಾಟೆಯಲ್ಲಿ ಕೆಟ್ಟ ಹುಳುವೂ ಸಿಕ್ಕಿಬಿತ್ತು ಅನ್ನುವುದು ಅವರ ವಿವರಣೆ.

ಬೇವಿನ ಹಿಂಡಿ ಎರಡು ರೀತಿ ಕೆಲಸ ಮಾಡುತ್ತದೆ. ಅದರ ಕಹಿಯಲ್ಲಿರುವ ಅಜಾಡಿರಾಕ್ಟಿನ್, ನಿಂಬಿನ್, ಸಲಾನಿನ್ ಹುಳುವಿಗೆ ಆಗದು. ಕೊಳೆಯುವಾಗ ಬಿಡುವ ಅಮೋನಿಯಾವೂ ಹುಳ ಕೊಲ್ಲುತ್ತದೆ. ಸಾರಜನಕ ಹೆಚ್ಚಿರುವ ಗೊಬ್ಬರಗಳೆಲ್ಲ ಹೀಗೇ. ಇಂಗಾಲ ಮತ್ತು ಸಾರಜನಕದ ಅನುಪಾತ 20ಕ್ಕಿಂತ ಕಡಿಮೆ ಇದ್ದರೆ ಹುಳುವಿನ ಮೇಲೆ ಪರಿಣಾಮ ಚೆನ್ನಾಗಿ ಕಾಣುತ್ತದೆ. 10ಕ್ಕಿಂತ ಕೆಳಗೆ ಹೋದರೆ ಗಿಡವೂ ಸುಡುತ್ತದೆ. ಇದನ್ನು ನಾನು ದುಬಾರಿ ಪಾಠವಾಗಿ ಕಲಿತೆ. ಹುಳ ಜಾಸ್ತಿ ಇದೆ ಅಂತ ಹಿಂಡಿಯನ್ನು ಎರಡು ಪಟ್ಟು ಹಾಕಿ, ಮೂರನೇ ದಿನವೇ ಸಸಿ ನೆಟ್ಟೆ. ವಾರದಲ್ಲಿ ಎಲ್ಲ ಸಸಿಯ ಅಂಚು ಕರಕಲು. ಜಂತುಹುಳು ಮಾಡದ ಕೆಲಸ ನಾನೇ ಮಾಡಿದ್ದೆ. ಚದರ ಮೀಟರಿಗೆ 100ರಿಂದ 200 ಗ್ರಾಂ, ಮಣ್ಣಿಗೆ ಬೆರೆಸಿ, ನೀರು ಕೊಟ್ಟು, ಎರಡು ಮೂರು ವಾರ ಬಿಡಿ. ಆಮೇಲೆ ನಾಟಿ. ಎಣ್ಣೆ ತೆಗೆದ ಎಲ್ಲ ಹಿಂಡಿಯೂ ಒಂದಲ್ಲ ಒಂದು ಮಟ್ಟಿಗೆ ಕೆಲಸ ಮಾಡುತ್ತದೆ, ಹರಳು ಹಿಂಡಿ ಕೂಡ. ಏಡಿ, ಸೀಗಡಿಯ ಚಿಪ್ಪಿನ ಪುಡಿಯ ಗುಟ್ಟು ಬೇರೆ. ಅದರಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತು ಇದೆ. ಹುಳುವಿನ ಮೊಟ್ಟೆಯ ಸಿಪ್ಪೆಯಲ್ಲೂ ಕೈಟಿನ್ ಇದೆ. ಚಿಪ್ಪು ತಿನ್ನಲು ಬೆಳೆದ ಸೂಕ್ಷ್ಮಜೀವಿ ಮೊಟ್ಟೆಗೂ ಬಾಯಿ ಹಾಕುತ್ತದೆ.

ಚೆಂಡುಹೂವಿನ ಬಗ್ಗೆ ಎಲ್ಲರೂ ಕೇಳುತ್ತೀರಿ. ಅದು ಕೆಲಸ ಮಾಡುತ್ತದೆ. ಆದರೆ ನೀವು ಮಾಡುವ ಹಾಗೆ ಅಲ್ಲ. ನಾನೂ ಮೊದಲು ಟೊಮೆಟೊ ಸಾಲಿನ ಸುತ್ತ ಅಂಚಿಗೆ ಚೆಂಡುಹೂ ಹಾಕಿದ್ದೆ. ನೋಡಲು ಬಹಳ ಚೆಂದ ಇತ್ತು. ಟೊಮೆಟೊ ಬೇರಿನಲ್ಲಿ ಗಂಟು ಎಂದಿನಂತೆಯೇ ಇತ್ತು. ಕಾರಣ ಸರಳ. ಚೆಂಡುಹೂವಿನ ಬೇರಿನಲ್ಲಿ ಆಲ್ಫಾ ಟರ್ಥಿಯೆನಿಲ್ ಎಂಬ, ಜಂತುಹುಳುವಿಗೆ ಆಗದ ವಸ್ತು ಇದೆ. ಹಾಲೆಂಡಿನ ಇಬ್ಬರು ಸಂಶೋಧಕರು 1958ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. ಅದು ಜೀವಂತ ಬೇರು ಇದ್ದ ಜಾಗದಲ್ಲಿ ಕೆಲಸ ಮಾಡುತ್ತದೆ. ಒಂದು ಮಾರು ದೂರದ ಟೊಮೆಟೊ ಬೇರಿಗೆ ಹೋಗಿ ಕಾವಲು ಕಾಯುವುದಿಲ್ಲ. ಆದ್ದರಿಂದ ಮುಂದೆ ಬೆಳೆ ಇಡುವ ಇಡೀ ಜಾಗದಲ್ಲಿ ಒತ್ತಾಗಿ, ಒಂದು ಗೇಣಿಗೊಂದರಂತೆ ನೆಟ್ಟು, ಕನಿಷ್ಠ ಎರಡು ತಿಂಗಳು ಬೆಳೆಸಬೇಕು. ನಡುವೆ ಕಳೆ ಇರಬಾರದು. ಕಳೆಯ ಬೇರಿನಲ್ಲಿ ಹುಳ ಹಾಯಾಗಿ ಬದುಕುತ್ತದೆ. ಆಮೇಲೆ ಉತ್ತು ಮುಖ್ಯ ಬೆಳೆ. ತಳಿಯಲ್ಲೂ ವ್ಯತ್ಯಾಸ ಇದೆ. ಕೆಲವು ಚೆಂಡುಹೂ ಕೆಲವು ಜಂತುಹುಳುವಿಗೆ ತಾವೇ ಊಟವಾಗುತ್ತವೆ.

ಎರಡು ತಿಂಗಳು ಹೂವಿಗೆ ಬಿಡಲು ಆಗದವರಿಗೆ ಸೆಣಬು ಒಳ್ಳೆಯದು. ಹಸಿರೆಲೆ ಗೊಬ್ಬರಕ್ಕೆ ಹೇಗೂ ಹಾಕುತ್ತೀರಿ. ಬೇರುಗಂಟು ಹುಳುವಿಗೆ ಅದರಲ್ಲಿ ಹೊಟ್ಟೆ ತುಂಬುವುದಿಲ್ಲ. ಬೇರೆ ಕೆಲವು ಜಂತುಹುಳುಗಳಿಗೆ ತುಂಬುತ್ತದೆ, ಅದಕ್ಕೇ ನಿಮ್ಮ ಹೊಲದ್ದು ಯಾವುದು ಅಂತ ಗೊತ್ತಿರಬೇಕು. ಸಾಸಿವೆಯನ್ನು ಹೂ ಬಂದಾಗ ಸಣ್ಣಗೆ ಕೊಚ್ಚಿ, ಅರ್ಧ ಗಂಟೆಯೂ ಬಿಡದೆ ಮಣ್ಣಿಗೆ ಸೇರಿಸಿ ನೀರು ಹಾಯಿಸಿದರೆ ಆ ಖಾರದ ವಾಸನೆಯ ಅನಿಲ ಹುಳುವಿಗೆ ತಟ್ಟುತ್ತದೆ. ಕೊಚ್ಚಿ ಮೇಲೇ ಬಿಟ್ಟರೆ ಅನಿಲ ಗಾಳಿಗೆ ಹೋಗುತ್ತದೆ. ಆದರೆ ಎಷ್ಟೋ ಸಾಸಿವೆ ತಳಿಗಳ ಬೇರಿನಲ್ಲಿ ಬೇರುಗಂಟು ಹುಳ ಚೆನ್ನಾಗಿ ಮರಿ ಮಾಡುತ್ತದೆ. ಸರಿಯಾದ ಹೊತ್ತಿಗೆ ಕೊಚ್ಚದಿದ್ದರೆ ಇದ್ದದ್ದಕ್ಕಿಂತ ಹೆಚ್ಚು ಹುಳ. ನನಗೆ ಈ ಪದ್ಧತಿಯ ಮೇಲೆ ಅಷ್ಟು ಭರವಸೆ ಇಲ್ಲ.

ಈಗ ಜೀವಿಗಳಿಗೆ ಬರೋಣ. 1979ರಲ್ಲಿ ಪೆರು ದೇಶದಲ್ಲಿ ಆಲೂಗಡ್ಡೆ ಮೇಲೆ ಕೆಲಸ ಮಾಡುತ್ತಿದ್ದ ಜಟಾಲಾ ಮತ್ತು ಸಂಗಡಿಗರು ಜಂತುಹುಳುವಿನ ಮೊಟ್ಟೆಗಳನ್ನು ತಿನ್ನುವ ಒಂದು ಶಿಲೀಂಧ್ರದ ಬಗ್ಗೆ ವರದಿ ಮಾಡಿದರು. ಪೆಸಿಲೋಮೈಸಿಸ್ ಲಿಲಾಸಿನಸ್. 2011ರಲ್ಲಿ ಅದಕ್ಕೆ ಪರ್ಪ್ಯುರಿಯೋಸಿಲಿಯಂ ಲಿಲಾಸಿನಂ ಅಂತ ಹೆಸರು ಬದಲಾಯಿತು. ಪೊಟ್ಟಣದ ಮೇಲೆ ಎರಡರಲ್ಲಿ ಯಾವುದಿದ್ದರೂ ಗಾಬರಿ ಬೇಡ, ಒಂದೇ. ಇದರ ಎಳೆ ಮೊಟ್ಟೆ ಸುತ್ತಿದ ಆ ಲೋಳೆಯೊಳಗೆ ಹೊಕ್ಕು ಮೊಟ್ಟೆಯ ಸಿಪ್ಪೆ ಕರಗಿಸಿ ಒಳಗಿನದನ್ನು ತಿನ್ನುತ್ತದೆ. ಪೊಕೋನಿಯಾ ಎಂಬ ಇನ್ನೊಂದು ಇದೆ. ರೊಥಮ್‌ಸ್ಟೆಡ್ ಕತೆಯ ಮೊಟ್ಟೆ ತಿನ್ನುವ ಶಿಲೀಂಧ್ರ ಅದೇ. ಅದು ಬೇರಿನ ಮೇಲೂ ಬೆಳೆಯಬಲ್ಲದು. ಇವೆರಡೂ ಮುಖ್ಯವಾಗಿ ತಿನ್ನುವುದು ಮೊಟ್ಟೆ ಎನ್ನುವುದನ್ನು ಗಮನಿಸಿ. ಇವತ್ತು ಬೇರಿಗೆ ನುಗ್ಗುತ್ತಿರುವ ಮರಿಯನ್ನು ತಡೆಯುವ ಕೆಲಸ ಇವುಗಳದ್ದಲ್ಲ. ಮುಂದಿನ ತಲೆಮಾರು ಕಡಿಮೆಯಾಗುತ್ತದೆ. ಹಾಕಿದ ಹತ್ತು ದಿನಕ್ಕೆ ಫಲ ಕಾಣಲಿಲ್ಲ ಅಂತ ಬಿಟ್ಟುಬಿಡುವವರು ಇಲ್ಲೇ ಎಡವುವುದು.

ಬಲೆ ಹಾಕಿ ಹುಳ ಹಿಡಿಯುವ ಶಿಲೀಂಧ್ರಗಳೂ ಇವೆ. ಜರ್ಮನಿಯ ಝೋಫ್ 1888ರಲ್ಲೇ ಇದನ್ನು ಕಂಡು ಬರೆದಿದ್ದರು. ಒಂದು ಜಾತಿ ಅಂಟಿನ ಬಲೆ ನೇಯುತ್ತದೆ. ಇನ್ನೊಂದು ಉಂಗುರ ಮಾಡಿ ಕಾಯುತ್ತದೆ. ಹುಳ ಉಂಗುರದೊಳಗೆ ತಲೆ ತೂರಿಸಿದರೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಉಂಗುರದ ಕೋಶಗಳು ಊದಿ ಕತ್ತು ಹಿಸುಕುತ್ತವೆ. ಹುಳುವಿನ ಮೈಯಿಂದ ಹೊರಡುವ ವಾಸನೆ ಸಿಕ್ಕಾಗಲೇ ಬಲೆ ಕಟ್ಟುವ ಜಾತಿಗಳಿವೆ, ಉಳಿದ ಹೊತ್ತು ಸುಮ್ನೆ ಕೊಳೆತ ಎಲೆ ತಿಂದುಕೊಂಡು ಇರುತ್ತವೆ. ನೋಡಲು ಇದಕ್ಕಿಂತ ಸೊಗಸಾದದ್ದು ಇಲ್ಲ. ಹೊಲಕ್ಕೆ ತಂದು ಹಾಕಿದಾಗ ಮಾತ್ರ ಇವು ಹೇಳಿದ ಮಾತು ಕೇಳುವುದಿಲ್ಲ. ಕೊಳೆತ ಎಲೆ ಸಿಕ್ಕರೆ ಅದನ್ನೇ ತಿನ್ನುತ್ತ ಕೂರುತ್ತವೆ.

ನನಗೆ ಹೆಚ್ಚು ಇಷ್ಟವಾದ ಶತ್ರು ಪಾಸ್ಟ್ಯೂರಿಯಾ ಪೆನೆಟ್ರಾನ್ಸ್ ಎಂಬ ಬ್ಯಾಕ್ಟೀರಿಯಾ. ಇದರ ಬೀಜಕಣ ಮಣ್ಣಿನಲ್ಲಿ ಅಲುಗಾಡದೆ ಕೂತಿರುತ್ತದೆ. ಹರಿದು ಹೋಗುವ ಮರಿಹುಳುವಿನ ಮೈಗೆ ಉತ್ತರಾಣಿ ಕಾಳಿನಂತೆ ಅಂಟುತ್ತದೆ. ಹುಳ ಬೇರಿಗೆ ಹೊಕ್ಕ ಮೇಲೆ ಬೀಜಕಣ ಮೊಳೆತು ಹುಳುವಿನ ಮೈಯೊಳಗೆ ಬೆಳೆಯುತ್ತದೆ. ಹೆಣ್ಣು ಹುಳ ದೊಡ್ಡದಾಗುತ್ತದೆ, ಆದರೆ ಮೊಟ್ಟೆ ಇಡುವುದಿಲ್ಲ. ಹೊಟ್ಟೆ ತುಂಬ ಬ್ಯಾಕ್ಟೀರಿಯಾದ ಬೀಜಕಣ, ಒಂದೊಂದರಲ್ಲಿ 20 ಲಕ್ಷದಷ್ಟು. ಬೇರು ಕೊಳೆತಾಗ ಅವೆಲ್ಲ ಮಣ್ಣಿಗೆ. ಒಣಗಿದರೂ ಸಾಯದ, ವರ್ಷಗಟ್ಟಲೆ ಉಳಿಯುವ ಕಾವಲುಗಾರರು. ತೊಡಕು ಏನೆಂದರೆ ಇದನ್ನು ಬೆಳೆಸುವುದು ಬಹಳ ಕಷ್ಟ, ಅಲ್ಲದೆ ಒಂದು ಹುಳುವಿಗೆ ಅಂಟುವ ತಳಿ ಇನ್ನೊಂದಕ್ಕೆ ಅಂಟುವುದಿಲ್ಲ. ನಿಮ್ಮ ಹೊಲದಲ್ಲೇ ಇದು ಈಗಾಗಲೇ ಇರಬಹುದು. ಮಣ್ಣನ್ನು ವಿಷದಿಂದ ತೊಳೆಯದಿರಲು ಇದೂ ಒಂದು ಕಾರಣ.

ಟ್ರೈಕೋಡರ್ಮಾ ಎಂಬ ಶಿಲೀಂಧ್ರ, ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ನಿಮಗೆಲ್ಲ ಗೊತ್ತಿರುವ ಹೆಸರು. ಇವು ಹುಳುವಿಗಿಂತ ಹುಳುವಿನ ಹಿಂದೆ ಬರುವ ಕೊಳೆ ರೋಗಗಳಿಗೆ ಹೆಚ್ಚು ಉಪಯೋಗ. ಸೇರಿಸಿ ಹಾಕಿದರೆ ಒಳ್ಳೆಯದು, ಅದೊಂದನ್ನೇ ನಂಬಬೇಡಿ.

ಹಾಕುವುದು ಹೇಗೆ? ಈ ಶಿಲೀಂಧ್ರಗಳ ಒಣ ಪುಡಿಯನ್ನು ಹಾಗೇ ಹೊಲಕ್ಕೆ ಎರಚುವುದು ದಂಡ. ಚೆನ್ನಾಗಿ ಕಳಿತ ಒಂದು ಟನ್ ಕೊಟ್ಟಿಗೆ ಗೊಬ್ಬರಕ್ಕೆ 2 ಕಿಲೋ ಪುಡಿ ಬೆರೆಸಿ, ಸ್ವಲ್ಪ ಬೇವಿನ ಹಿಂಡಿಯನ್ನೂ ಸೇರಿಸಿ, ನೆರಳಲ್ಲಿ ಗುಡ್ಡೆ ಮಾಡಿ. ಒದ್ದೆ ಗೋಣಿ ಮುಚ್ಚಿ. ಹಿಡಿದರೆ ಉಂಡೆಯಾಗುವಷ್ಟು ತೇವ ಇರಲಿ. ಆಗಾಗ ತಿರುವಿ, 15 ದಿನಕ್ಕೆ ಗೊಬ್ಬರದ ತುಂಬ ಶಿಲೀಂಧ್ರ ಹರಡಿರುತ್ತದೆ. ಅದನ್ನು ಸಸಿಮಡಿಗೆ, ನಾಟಿಯ ಗುಣಿಗೆ ಹಾಕಿ. ಹಸಿ ಸಗಣಿಗೆ ಬೆರೆಸಬೇಡಿ, ಅದರ ಬಿಸಿಗೆ ಸಾಯುತ್ತದೆ. ಪೊಟ್ಟಣದ ತಾರೀಖು ನೋಡಿ. ಒಂದು ಗ್ರಾಂನಲ್ಲಿ ಎಷ್ಟು ಜೀವಕಣ ಅಂತ ಬರೆದಿರಬೇಕು, ಬರೆದಿರದಿದ್ದರೆ ಕೊಳ್ಳಬೇಡಿ. ಹಾಕುವ ಹಿಂದೆ ಮುಂದೆ ಶಿಲೀಂಧ್ರನಾಶಕ ಬೇಡ. ಪುಡಿ ಬೆರೆಸುವಾಗ ಮೂಗಿಗೆ, ಕಣ್ಣಿಗೆ ರಕ್ಷಣೆ ಇರಲಿ. ಜೀವಿ ಅಂದ ಮಾತ್ರಕ್ಕೆ ನಿಮ್ಮ ಕಣ್ಣಿಗೂ ಮಿತ್ರ ಅಂತೇನೂ ಇಲ್ಲ.

ನೈಸರ್ಗಿಕ ಅನ್ನುವ ಪದದ ಬಗ್ಗೆಯೂ ಎಚ್ಚರ ಇರಲಿ. ಅಬಾಮೆಕ್ಟಿನ್ ಎಂಬ ಕೀಟನಾಶಕ ಬರುವುದು ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದಿಂದ. ಆ ಗುಂಪಿನ ಔಷಧಿ ಕಂಡುಹಿಡಿದದ್ದಕ್ಕೆ ಒಮುರಾ ಮತ್ತು ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಜಂತುಹುಳುವನ್ನು ಅದು ಚೆನ್ನಾಗಿ ಕೊಲ್ಲುತ್ತದೆ. ಜೇನುನೊಣ, ಮೀನುಗಳನ್ನೂ ಕೊಲ್ಲುತ್ತದೆ.

ಬೀಜ ಆರಿಸುವಾಗಲೇ ಅರ್ಧ ಕೆಲಸ ಮುಗಿಸಬಹುದು. ಕೆಲವು ಟೊಮೆಟೊ ತಳಿಗಳಲ್ಲಿ ಬೇರುಗಂಟು ಹುಳುವನ್ನು ತಡೆಯುವ ಎಂಐ ಎಂಬ ಜೀನ್ ಇದೆ. ಪೆರುವಿನ ಕಾಡು ಟೊಮೆಟೊದಿಂದ 1940ರ ದಶಕದಲ್ಲಿ ತಂದದ್ದು. ತಳಿಯ ಹೆಸರಿನ ಮುಂದೆ ಎನ್ ಅಕ್ಷರ ಇದ್ದರೆ ಅದು. ಆದರೆ ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಈ ಜೀನ್ ಕೈಕೊಡುತ್ತದೆ. ಸೀಬೆ ಮರಗಳನ್ನು ಒಣಗಿಸುವ ಎಂಟೆರೊಲೋಬಿ ಎಂಬ ಜಾತಿಯ ಬೇರುಗಂಟು ಹುಳುವಿನ ಮುಂದೆ ಅದರ ಆಟ ನಡೆಯುವುದೇ ಇಲ್ಲ. ಬದನೆಗೆ ಕಾಡು ಸುಂಡೆಯ ಬೇರಿನ ಮೇಲೆ ಕಸಿ ಮಾಡುವುದು ಒಳ್ಳೆಯ ದಾರಿ. ಬಾಳೆ ಕಂದನ್ನು ಬೇರು, ಕಂದು ಬಣ್ಣದ ಭಾಗ ಎಲ್ಲ ಹೆರೆದು 55 ಡಿಗ್ರಿ ನೀರಿನಲ್ಲಿ 20 ನಿಮಿಷ ಇಟ್ಟು ನೆಡಬಹುದು. ಥರ್ಮಾಮೀಟರ್ ಬೇಕೇ ಬೇಕು, ಕೈ ಹಾಕಿ ಅಂದಾಜು ಮಾಡಿದರೆ ಒಂದೋ ಹುಳ ಉಳಿಯುತ್ತದೆ ಇಲ್ಲ ಬಾಳೆ ಕಂದೇ ಬೇಯುತ್ತದೆ.

ಬೆಳೆ ಬದಲಾಯಿಸಿ ಅಂತ ಎಲ್ಲರೂ ಹೇಳುತ್ತಾರೆ. ಯಾವುದಕ್ಕೆ ಅಂತ ಹೇಳುವುದಿಲ್ಲ. ಬೇರುಗಂಟು ಹುಳುಗಳಿಗೆ 2000ಕ್ಕೂ ಹೆಚ್ಚು ಜಾತಿಯ ಗಿಡ ಆಗುತ್ತದೆ. ಮೆಕ್ಕೆಜೋಳದ ಬೇರಿನಲ್ಲಿ ಎಷ್ಟೋ ಸಲ ಗಂಟು ಕಾಣುವುದಿಲ್ಲ, ಆದರೆ ಒಳಗೆ ಹುಳ ಮರಿ ಮಾಡುತ್ತಿರುತ್ತದೆ. ಶೇಂಗಾ ಒಂದು ಜಾತಿಗೆ ಆಗುವುದಿಲ್ಲ, ಇನ್ನೊಂದಕ್ಕೆ ಹಬ್ಬ. ಹೊಲ ಖಾಲಿ ಬಿಟ್ಟಿದ್ದೇನೆ ಅನ್ನುತ್ತೀರಿ, ನೋಡಿದರೆ ಗಣಿಕೆ, ಮುಳ್ಳುದಂಟು ತುಂಬಿರುತ್ತದೆ. ಅದು ಖಾಲಿ ಹೊಲ ಅಲ್ಲ, ಹುಳುವಿನ ತೋಟ.

ಮುಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ: ಈಗ ಹೊಲದಲ್ಲಿ ಗಿಡ ನಿಂತಿದೆ, ಬೇರಲ್ಲಿ ಗಂಟು ಇದೆ, ಏನು ಮಾಡಲಿ? ಇರುವ ಗಿಡವನ್ನು ಸಾಕಿಕೊಳ್ಳಿ. ಕಡಿಮೆ ಕಡಿಮೆ ನೀರನ್ನು ಹೆಚ್ಚು ಸಲ ಕೊಡಿ, ಬುಡಕ್ಕೆ ಹೊದಿಕೆ ಹಾಕಿ, ಕಳಿತ ಗೊಬ್ಬರ ಏರಿಸಿ ಬುಡಕ್ಕೆ ಮಣ್ಣು ಕೊಡಿ. ಕಾಂಡದಿಂದ ಹೊಸ ಬೇರು ಬರುತ್ತದೆ. ಇಷ್ಟರಲ್ಲಿ ಒಂದು ಬೆಳೆ ದಕ್ಕಬಹುದು. ಕೊನೆ ಕೊಯ್ಲು ಆದ ವಾರದೊಳಗೆ ಗಿಡವನ್ನು ಬೇರು ಸಮೇತ ಕೀಳಿ. ಕಾಂಡ ಕತ್ತರಿಸಿ ಬೇರನ್ನು ಅಲ್ಲೇ ಬಿಟ್ಟರೆ ಒಂದೊಂದು ಗಂಟೂ ನೂರಾರು ಮರಿ ಹುಟ್ಟಿಸುತ್ತದೆ. ಕಿತ್ತ ಬೇರನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಬಿಸಿಲಿಗೆ ಒಣಗಿಸಿ ಸುಡಿ.

ಈ ಹುಳ ತಾನಾಗಿ ವರ್ಷಕ್ಕೆ ಒಂದು ಮೀಟರ್ ಹೋದರೆ ಹೆಚ್ಚು. ಊರಿಂದ ಊರಿಗೆ ಹೋಗುವುದು ಸಸಿಯ ಬೇರಿನಲ್ಲಿ, ನೇಗಿಲಿನಲ್ಲಿ, ಟ್ರ್ಯಾಕ್ಟರ್ ಚಕ್ರದಲ್ಲಿ, ನಮ್ಮ ಚಪ್ಪಲಿಯಲ್ಲಿ. ಹಾಗಾಗಿ ಹತ್ತಿರ ಬಂದು ನೋಡುವವರು ಬನ್ನಿ. ಇದು ಹಿಗ್ಗಿಸಿ ತೋರಿಸುವ ಗಾಜು. ಗಂಟಿನ ಮೇಲೆ ಕಂದು ಬಣ್ಣದ ಸಣ್ಣ ಚುಕ್ಕೆ ಕಂಡರೆ ಅದೇ ಮೊಟ್ಟೆಯ ಗುಂಪು. ಬೇರನ್ನು ಈ ತಟ್ಟೆಯ ಮೇಲೇ ಹಿಡಿದು ನೋಡಿ. ಉದುರಿದ ಮಣ್ಣನ್ನು ಈ ಚೀಲಕ್ಕೆ ಹಾಕಿ, ಹೋಗುವ ಮುಂಚೆ ಆ ಬಕೆಟ್ಟಿನಲ್ಲಿ ಕೈ ತೊಳೆದುಕೊಳ್ಳಿ. ನಿಮ್ಮಲ್ಲಿ ಅರ್ಧಕ್ಕೆ ಅರ್ಧ ಜನ ಇಲ್ಲಿಂದ ನೇರ ಹೊಲಕ್ಕೇ ಹೋಗುವವರು.